ಏಳು ರೋಸ್‌ಗಳಲ್ಲಿ ಯಾರು ಮೇಲು?

ಹೇಳುವುದಿಲ್ಲ.

ಹೇಳಬಾರದೆಂದಲ್ಲ, ಕೇಳುವ ರೀತಿಯೇ ನನಗೆ ಸೇರುವುದಿಲ್ಲ. "'ಜಿಪ್ಸಿ' ನಾಟಕದ ರೋಸ್ ಪಾತ್ರವನ್ನು ಆಡ್ರಾ ಮೆಕ್‌ಡೊನಾಲ್ಡ್ ಚೆನ್ನಾಗಿ ಮಾಡಿದಳೋ, ಪ್ಯಾಟಿ ಲ್ಯುಪೋನ್ ಚೆನ್ನಾಗಿ ಮಾಡಿದಳೋ, ಒಂದೇ ಮಾತಿನಲ್ಲಿ ಹೇಳಿ." ಹೀಗೆ ಕೇಳುವವರು ಬೇರೆ ವಿಷಯಗಳಲ್ಲಿ ಮಾತು ಉಳಿಸುವವರೇನಲ್ಲ. ಕಳೆದ ದೀಪಾವಳಿಗೆ ನಮ್ಮ ಮನೆಗೆ ಊಟಕ್ಕೆ ಬಂದವರೊಬ್ಬರು ತಮ್ಮ ಹೊಸ ಕಾರಿನ ಸಾಲದ ಬಡ್ಡಿಯನ್ನು ಕೋಸಂಬರಿಯಿಂದ ಮಜ್ಜಿಗೆಯವರೆಗೆ ವಿವರಿಸಿ, ಕೈ ತೊಳೆಯಲು ಏಳುವಾಗ ಈ ಪ್ರಶ್ನೆ ಹಾಕಿದರು. ಒಂದೇ ಮಾತಿನಲ್ಲಂತೆ.

ನ್ಯೂಜೆರ್ಸಿಯಲ್ಲಿ ನನಗೆ ಗೊತ್ತಿರುವ ಕನ್ನಡದವರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕಗಳ ಹುಚ್ಚು ಹಿಡಿಸಿಕೊಂಡವಳು ನಾನೊಬ್ಬಳೇ ಆದ್ದರಿಂದ ಈ ಕಾಟ ನನಗೆ ಖಾಯಂ. ಅದರಲ್ಲೂ 'ಜಿಪ್ಸಿ' ನನ್ನ ಮೆಚ್ಚಿನ ಸಂಗೀತ ನಾಟಕ ಎಂದು ಒಮ್ಮೆ ಬಾಯಿ ತಪ್ಪಿ ಹೇಳಿಬಿಟ್ಟಿದ್ದೇನೆ. ಗೊತ್ತಿಲ್ಲದವರಿಗಾಗಿ: 1959ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ರಂಗಕ್ಕೆ ಬಂದ ನಾಟಕ. ಸಂಗೀತ ಜೂಲ್ ಸ್ಟೈನ್, ಹಾಡುಗಳ ಸಾಹಿತ್ಯ ಸ್ಟೀಫನ್ ಸಾಂಡ್‌ಹೈಮ್, ನಾಟಕ ಬರೆದವರು ಆರ್ಥರ್ ಲಾರೆಂಟ್ಸ್. ರೋಸ್ ಎಂಬ ತಾಯಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಊರೂರು ಸುತ್ತಿಸಿ ರಂಗದ ಮೇಲೆ ಕುಣಿಸುತ್ತಾಳೆ. ಮುದ್ದಿನ ಮಗಳು ಜೂನ್ ಒಂದು ದಿನ ಓಡಿಹೋಗುತ್ತಾಳೆ. ಉಳಿದವಳು ಲೂಯಿಸ್, ಯಾರೂ ಗಮನಿಸದ ಮಗಳು. ತಾಯಿ ಅವಳನ್ನೇ ಮುಂದೆ ತಳ್ಳುತ್ತಾಳೆ. ಕೊನೆಗೆ ಬಟ್ಟೆ ಕಳಚುವ ಕುಣಿತದ ರಂಗಕ್ಕೂ ತಳ್ಳುತ್ತಾಳೆ. ಅಲ್ಲಿ ಲೂಯಿಸ್ ಜಿಪ್ಸಿ ರೋಸ್ ಲೀ ಎಂಬ ಹೆಸರಿನಲ್ಲಿ ದೇಶಕ್ಕೇ ಪ್ರಸಿದ್ಧಳಾಗುತ್ತಾಳೆ, ತಾಯಿಗೆ ಮಾಡಲು ಕೆಲಸ ಉಳಿಯುವುದಿಲ್ಲ. ನಿಜವಾಗಿ ಇದ್ದವರ ಕಥೆ ಇದು. ಜಿಪ್ಸಿ ರೋಸ್ ಲೀ 1957ರಲ್ಲಿ ಬರೆದ ಆತ್ಮಕಥೆಯೇ ಮೂಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವೆ. ರೋಸ್‌ಗೆ ಹೆಗ್ಗಣವಲ್ಲ, ಹೆಗ್ಗಣಕ್ಕೆ ಬೀಳುವ ಚಪ್ಪಾಳೆ ಮುದ್ದು.

ಈ ರೋಸ್ ಪಾತ್ರವನ್ನು ದೊಡ್ಡ ರಂಗಮಂದಿರಗಳಲ್ಲಿ ಮಾಡಿದವರನ್ನು ಅಭಿಮಾನಿಗಳು ಅಷ್ಟಮಠಗಳನ್ನು ಎಣಿಸುವಷ್ಟೇ ಶ್ರದ್ಧೆಯಿಂದ ಎಣಿಸುತ್ತಾರೆ. ಎತೆಲ್ ಮರ್ಮನ್ 1959ರಲ್ಲಿ. ಏಂಜೆಲಾ ಲ್ಯಾನ್ಸ್‌ಬರಿ 1973ರಲ್ಲಿ ಲಂಡನ್ನಿನಲ್ಲಿ, ಮರುವರ್ಷ ನ್ಯೂಯಾರ್ಕಿನಲ್ಲಿ. ಟೈನ್ ಡೇಲಿ 1989, ಬರ್ನಡೆಟ್ ಪೀಟರ್ಸ್ 2003, ಪ್ಯಾಟಿ ಲ್ಯುಪೋನ್ 2008. ಇಮೆಲ್ಡಾ ಸ್ಟಾಂಟನ್ 2015ರಲ್ಲಿ ಲಂಡನ್ನಿನಲ್ಲಿ. ಆಡ್ರಾ ಮೆಕ್‌ಡೊನಾಲ್ಡ್ 2024ರ ಡಿಸೆಂಬರಿನಿಂದ 2025ರ ಆಗಸ್ಟಿನವರೆಗೆ. ಸಿನಿಮಾದ ರೋಸಲಿಂಡ್ ರಸೆಲ್ ಅವರನ್ನು ಸೇರಿಸಬೇಕೇ, ಟಿ.ವಿ.ಯ ಬೆಟ್ ಮಿಡ್ಲರ್ ಅವರನ್ನು ಸೇರಿಸಬೇಕೇ ಎಂಬ ಉಪಜಗಳವೂ ಇದೆ. ಅದಕ್ಕೆ ನನ್ನನ್ನು ಕರೆಯಬೇಡಿ.

ಹೆಚ್ಚಿನವರು ಮರ್ಮನ್ ಎನ್ನುತ್ತಾರೆ. ಅವರ ನಾಟಕ 702 ಪ್ರದರ್ಶನಗಳಾಗಿ 1961ರಲ್ಲಿ ನಿಂತಿತು. ನನ್ನೊಂದಿಗೆ ವಾದಕ್ಕೆ ನಿಂತವರಲ್ಲಿ ಒಬ್ಬರೂ ಆಗ ಹುಟ್ಟಿರಲಿಲ್ಲ. ಅವರ ಕೈಯಲ್ಲಿರುವುದು ಒಂದು ಧ್ವನಿಮುದ್ರಿಕೆ. ಕೇಳಿ, ಖಂಡಿತ ಕೇಳಿ. ಮೈಕಿನ ಹಂಗಿಲ್ಲದೆ ಕೊನೆಯ ಸಾಲನ್ನು ತಲುಪುತ್ತಿದ್ದ ಗಂಟಲು ಅದು. ಆದರೆ ಧ್ವನಿಮುದ್ರಿಕೆಯಲ್ಲಿ ಮುಖ ಇರುವುದಿಲ್ಲ. ಮಗಳು ಓಡಿಹೋದಳೆಂಬ ಪತ್ರ ಓದಿದ ಮೇಲೆ ಈ ತಾಯಿ ಅಳುವುದಿಲ್ಲ, ಇನ್ನೊಬ್ಬ ಮಗಳತ್ತ ತಿರುಗುತ್ತಾಳೆ. ತಿರುಗುವ ಆ ಗಳಿಗೆಯಲ್ಲಿ ಮರ್ಮನ್ ಏನು ಮಾಡಿದರು ಎಂದು ಧ್ವನಿಮುದ್ರಿಕೆ ಹೇಳುತ್ತದೆಯೇ?

ಪ್ರಶಸ್ತಿಯ ಲೆಕ್ಕ ಹಿಡಿದು ಬರುವವರು ಇನ್ನೊಂದು ಗುಂಪು. ಲ್ಯಾನ್ಸ್‌ಬರಿ, ಡೇಲಿ, ಲ್ಯುಪೋನ್ ಮೂವರಿಗೂ ಈ ಪಾತ್ರಕ್ಕೆ ಬ್ರಾಡ್‌ವೇಯ ದೊಡ್ಡ ಪ್ರಶಸ್ತಿಯಾದ ಟೋನಿ ಬಂತು, ಆದ್ದರಿಂದ ಆ ಮೂವರಲ್ಲೇ ಒಬ್ಬರು ಎನ್ನುತ್ತಾರೆ. ಪಾತ್ರವನ್ನು ಕಟ್ಟಿದ ಮರ್ಮನ್ ಅವರಿಗೇ ಬರಲಿಲ್ಲ ಸ್ವಾಮಿ. ಆ ವರ್ಷ ಸನ್ಯಾಸಿನಿಯಾಗಲು ಹೊರಟ ಹುಡುಗಿಯ ಪಾತ್ರ ಮಾಡಿದ ಮೇರಿ ಮಾರ್ಟಿನ್ ಅವರಿಗೆ ಹೋಯಿತು. ಆರು ಟೋನಿ ಗೆದ್ದ ಆಡ್ರಾ ಅವರಿಗೂ ರೋಸ್ ಪಾತ್ರಕ್ಕೆ ಸಿಗಲಿಲ್ಲ. ಈ ತಕ್ಕಡಿಯಲ್ಲಿ ಏನು ತೂಗುತ್ತೀರಿ?

ಮೂರನೆಯ ಗುಂಪಿನ ಮೇಲೆ ನನಗೆ ನಿಜವಾದ ಕೋಪ. ಪ್ಯಾಟಿ ಲ್ಯುಪೋನ್ ಎಂದ ಕೂಡಲೇ "ಫೋಟೋ ತೆಗೆದವನನ್ನು ಬೈದದ್ದು ನೋಡಿದಿರಾ?" ಎನ್ನುತ್ತಾರೆ. ಹೌದು, 2009ರ ಜನವರಿಯಲ್ಲಿ ಕೊನೆಯ ಹಾಡಿನ ನಡುವೆ ಪ್ರೇಕ್ಷಕನೊಬ್ಬ ಫೋಟೋ ತೆಗೆದದ್ದಕ್ಕೆ ಅವರು ನಾಟಕ ನಿಲ್ಲಿಸಿ ಗದರಿಸಿದರು. ನಾನು ಅವರನ್ನು ನೋಡಿದ್ದು ಅದಕ್ಕೆ ಕೆಲವು ತಿಂಗಳ ಮುಂಚೆ, ಸೇಂಟ್ ಜೇಮ್ಸ್ ರಂಗಮಂದಿರದ ಬಾಲ್ಕನಿಯ ಕಟ್ಟಕಡೆಯ ಸಾಲಿನಲ್ಲಿ ಕುಳಿತು. ಅಮೆರಿಕಕ್ಕೆ ಬಂದು ಒಂದು ವರ್ಷವಾಗಿತ್ತು. ಟಿಕೆಟ್ಟಿನ ಹಣವನ್ನು ರೂಪಾಯಿಗೆ ಪರಿವರ್ತಿಸಿ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದ ಕಾಲ. ಅಷ್ಟು ದೂರಕ್ಕೆ ಆಕೆಯ ಮುಖ ಗೋಲಿಯಷ್ಟು ಕಾಣುತ್ತಿತ್ತು. ಆದರೂ ಕೊನೆಯ ಹಾಡಿನಲ್ಲಿ 'ಮಾಮಾ' ಎಂಬ ಪದದ ಮೇಲೆ ರೋಸ್ ತೊದಲುತ್ತಾಳಲ್ಲ, ಅಮ್ಮ ಎಂಬ ಮಾತೇ ಅಮ್ಮನ ಗಂಟಲಿಗೆ ಸಿಕ್ಕಿಕೊಳ್ಳುತ್ತದಲ್ಲ, ಅಲ್ಲಿ ನನ್ನ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ನನ್ನ ಮೊಣಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ. ಇದನ್ನು ಯಾರೂ ಕೇಳುವುದಿಲ್ಲ. ಅವರಿಗೆ ಬೈಗುಳ ಬೇಕು.

ಆ ಕೊನೆಯ ಹಾಡಿನ ಹಿಂದೆ ಒಂದು ಕಥೆ ಇದೆ. 'ರೋಸಸ್ ಟರ್ನ್' ಅದರ ಹೆಸರು. ಖಾಲಿ ರಂಗದ ಮೇಲೆ ರೋಸ್ ಒಬ್ಬಳೇ ನಿಂತು, ನಾನು ಯಾರಿಗಾಗಿ ಇಷ್ಟೆಲ್ಲ ಮಾಡಿದೆ ಎಂದು ತನ್ನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಮೊದಲು ಸಾಂಡ್‌ಹೈಮ್ ಇದಕ್ಕೆ ಚಪ್ಪಾಳೆಗೆ ಎಡೆಯಿರುವ ಮುಕ್ತಾಯ ಕೊಟ್ಟಿರಲಿಲ್ಲ. ಮನಸ್ಸು ಒಡೆಯುತ್ತಿರುವಾಗ ಚಪ್ಪಾಳೆ ಯಾಕೆ ಎಂಬುದು ಅವರ ಯೋಚನೆ. ಅವರ ಗುರು ಆಸ್ಕರ್ ಹ್ಯಾಮರ್‌ಸ್ಟೈನ್ ನೋಡಿ, ಜನ ಮರ್ಮನ್‌ಗೆ ಚಪ್ಪಾಳೆ ತಟ್ಟಲು ಕಾದು ಕುಳಿತಿರುತ್ತಾರೆ, ತಟ್ಟಲು ಬಿಡದಿದ್ದರೆ ಮುಂದಿನ ದೃಶ್ಯ ಅವರ ಕಿವಿಗೇ ಬೀಳುವುದಿಲ್ಲ ಎಂದರು. ಮುಕ್ತಾಯ ಬಂತು, ಚಪ್ಪಾಳೆಯೂ ಬಂತು. ಹದಿನಾಲ್ಕು ವರ್ಷಗಳ ಮೇಲೆ ಲ್ಯಾನ್ಸ್‌ಬರಿ ಅದೇ ಚಪ್ಪಾಳೆಯನ್ನು ಎತ್ತಿಕೊಂಡರು. ಹಾಡು ಮುಗಿಯುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ, ರೋಸ್ ಬಾಗಿ ವಂದಿಸುತ್ತಾಳೆ. ಚಪ್ಪಾಳೆ ಇಳಿಯುತ್ತದೆ. ಆಕೆ ಮತ್ತೆ ಬಾಗುತ್ತಾಳೆ. ಚಪ್ಪಾಳೆ ಪೂರ್ತಿ ನಿಲ್ಲುತ್ತದೆ. ಆಕೆ ಇನ್ನೂ ಬಾಗುತ್ತಲೇ ಇದ್ದಾಳೆ, ನಗುತ್ತಾ, ಅತ್ತ ಇತ್ತ ತಿರುಗಿ. ಆಕೆಗೆ ಕೇಳಿಸುತ್ತಿರುವ ಚಪ್ಪಾಳೆ ಆಕೆಯ ತಲೆಯೊಳಗಿನದು ಎಂದು ಆಗ ನಮಗೆ ತಿಳಿಯುತ್ತದೆ.

'ನಮಗೆ' ಎಂದೆ. ಲ್ಯಾನ್ಸ್‌ಬರಿಯವರ ರೋಸ್ ಅನ್ನು ನಾನು ನೋಡಿಲ್ಲ. ನೀವು ಗಮನಿಸಿರುತ್ತೀರಿ: ಮರ್ಮನ್ ಅಭಿಮಾನಿಗಳನ್ನು ಅಷ್ಟು ಬೈದವಳು, ಕಾಣದ ರೋಸ್‌ಗೆ ಇಡೀ ಪ್ಯಾರಾ ಎತ್ತಿಟ್ಟಿದ್ದೇನೆ. ನಾನು ಎದುರು ಕುಳಿತು ನೋಡಿದ್ದು ಇಬ್ಬರನ್ನು, ಪರದೆಯ ಮೇಲೆ ಸ್ಟಾಂಟನ್ ಅವರನ್ನು. ಉಳಿದ ನಾಲ್ವರ ಬಗ್ಗೆ ಮಾತಾಡಲು ನನಗೆ ಇರುವಷ್ಟೇ ಹಕ್ಕು ನಿಮಗೂ ಇದೆ. ಈಗ ಸಮಾಧಾನವೇ?

ಹಾಗಾದರೆ ನನ್ನನ್ನು ಏನು ಕೇಳಬೇಕಿತ್ತು ಎಂದರೆ, ಲೂಯಿಸ್ ಯಾರು ಚೆನ್ನಾಗಿ ಮಾಡಿದರು ಎಂದು. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಆ ಪಾತ್ರಕ್ಕೆ 2008ರಲ್ಲಿ ಲಾರಾ ಬೆನಾಂಟಿ ಟೋನಿ ಗೆದ್ದಿದ್ದರೂ ಕೇಳುವುದಿಲ್ಲ. 1959ರಲ್ಲಿ ಯಾರು ಮಾಡಿದರು ಎಂದರೆ ಮರ್ಮನ್ ಭಕ್ತರೂ ತಡವರಿಸುತ್ತಾರೆ. ಸಾಂಡ್ರಾ ಚರ್ಚ್. ಬರೆದುಕೊಳ್ಳಿ. ನಾಟಕದ ಮೊದಲರ್ಧ ಪೂರ್ತಿ ಈ ಹುಡುಗಿ ಅಕ್ಕಪಕ್ಕದಲ್ಲಿ ನಿಂತಿರಬೇಕು. ತಂಗಿ ಮಿಂಚುವಾಗ ತಾನು ಹಸುವಿನ ವೇಷದ ಒಳಗೆ ಹೊಕ್ಕಿರಬೇಕು. ಕಾಣದಂತೆ ಇರುವುದೇ ಅಭಿನಯ. ಅದನ್ನು ಹೇಗೆ ಹೋಲಿಸುತ್ತೀರಿ?

ಕಳೆದ ಬೇಸಿಗೆಯಲ್ಲಿ ಅಮ್ಮ ಸಾಗರದಿಂದ ಬಂದಿದ್ದರು. ಆಡ್ರಾ ಅವರ ನಾಟಕ ಆಗಸ್ಟಿನಲ್ಲಿ ಮುಗಿಯುವುದಿತ್ತು. ಮೆಜೆಸ್ಟಿಕ್ ರಂಗಮಂದಿರ. ಹೆಸರು ಕೇಳಿ ಅಮ್ಮ, "ಬಸ್ ಸ್ಟ್ಯಾಂಡಿನ ಹತ್ತಿರವೇ?" ಎಂದರು. 44ನೇ ಬೀದಿಯಲ್ಲಿ ಅದು ಸೇಂಟ್ ಜೇಮ್ಸ್‌ಗೆ ಎದುರುಬದುರು. ಹದಿನೇಳು ವರ್ಷದ ಹಿಂದೆ ನಾನು ಅಳುತ್ತಾ ಹೊರಬಂದ ಬಾಗಿಲನ್ನು ತೋರಿಸಿದೆ. ಅಮ್ಮ ನೋಡಿದ್ದು ಪಕ್ಕದಲ್ಲಿ ಕಡಲೆಕಾಯಿ ಹುರಿಯುತ್ತಿದ್ದ ಗಾಡಿಯನ್ನು.

ಕಥೆಯನ್ನು ರೈಲಿನಲ್ಲೇ ಹೇಳಿಟ್ಟಿದ್ದೆ. ಅಮ್ಮನಿಗೆ ಇಂಗ್ಲಿಷ್ ಹಾಡು ಅರ್ಥವಾಗದು, ಆದರೆ ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದ ಕಣ್ಣು. ಈ ನಾಟಕದಲ್ಲಿ ರೋಸ್ ಮೊದಲು ಬರುವುದು ರಂಗದಿಂದಲ್ಲ, ಪ್ರೇಕ್ಷಕರ ನಡುವಿನಿಂದ, ಮಗಳ ಮೇಲೆ ಕೂಗುತ್ತಾ. ಅಮ್ಮ ನನ್ನ ಕಿವಿಯ ಬಳಿ ಬಾಗಿ, "ಹೆಣ್ಣುಬಣ್ಣ" ಎಂದರು. ನನಗೆ ರೋಮಾಂಚನವಾಯಿತು. ಶೂರ್ಪನಖಿಯಂಥ ರಾಕ್ಷಸಿಯರ ವೇಷಕ್ಕೆ ನಮ್ಮಲ್ಲಿ ಹೇಳುವ ಹೆಸರು ಅದು. ಬಣ್ಣದ ವೇಷಗಳು ಜನರ ಮಧ್ಯದಿಂದ ದೊಂದಿಯ ಬೆಳಕಿನಲ್ಲಿ ಅಬ್ಬರಿಸುತ್ತಾ ಬರುವುದನ್ನು ಕಂಡವರಿಗೆ ರೋಸ್ ಯಾರು ಎಂದು ವಿವರಿಸಬೇಕಿಲ್ಲ. ಆಡ್ರಾ ಅವರ ಶಾಸ್ತ್ರೀಯ ಕಂಠ ಈ ಪಾತ್ರಕ್ಕೆ ಒಪ್ಪುತ್ತದೆಯೇ ಎಂದು ತಿಂಗಳುಗಟ್ಟಲೆ ಕಾದಾಡಿದ ನಾವು ಒಂದು ಕಡೆ, ಅಮ್ಮನ ಒಂದು ಪದ ಒಂದು ಕಡೆ. ಒಂದೇ ಮಾತಿನಲ್ಲಿ ಹೇಳುವುದೆಂದರೆ ಹೀಗೆ.

ಆಮೇಲೆ ಲೂಯಿಸ್‌ಳ ಹುಟ್ಟುಹಬ್ಬ ಬಂತು. ಮಕ್ಕಳು ದೊಡ್ಡವರಾದರೆ ಆಟ ನಡೆಯದಲ್ಲ, ಅದಕ್ಕೆ ರೋಸ್ ಅವರ ವಯಸ್ಸನ್ನು ಮುಚ್ಚಿಟ್ಟಿದ್ದಾಳೆ. ನಿಜಜೀವನದ ರೋಸ್ ಕೂಡ ಮಕ್ಕಳ ಜನನಪತ್ರಗಳನ್ನು ಬೇಕಾದಂತೆ ತಿದ್ದಿಸಿದವಳು. ರಂಗದ ಮೇಲೆ ಹುಡುಗಿ ಉಡುಗೊರೆಯಾಗಿ ಬಂದ ಕುರಿಮರಿಯನ್ನು ತಬ್ಬಿಕೊಂಡು, ತನಗೆ ಎಷ್ಟು ವರ್ಷವಾಯಿತೋ ಎಂದು ಮೆಲ್ಲಗೆ ಹಾಡುತ್ತಾಳೆ.

"ಏನು ಹೇಳುತ್ತಿದ್ದಾಳೆ?"

"ತನ್ನ ವಯಸ್ಸು ತನಗೆ ಗೊತ್ತಿಲ್ಲ ಎನ್ನುತ್ತಿದ್ದಾಳೆ ಅಮ್ಮಾ."

ಅಮ್ಮ ಮಾತಾಡಲಿಲ್ಲ.

ನನ್ನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನ ಜೂನ್ 1, 1982. ನಾನು ಹುಟ್ಟಿದ್ದು 1981ರ ಏಪ್ರಿಲಿನಲ್ಲಿ. ನಮ್ಮ ತಲೆಮಾರಿನ ಅರ್ಧ ಕರ್ನಾಟಕ ಜೂನ್ ಒಂದರಂದೇ ಹುಟ್ಟಿದೆ, ಅದೇನೂ ವಿಶೇಷವಲ್ಲ. ಸರ್ಕಾರಿ ಕೆಲಸ ಸಿಕ್ಕರೆ ಒಂದು ವರ್ಷ ಹೆಚ್ಚು ಸಂಬಳ ಬರಲಿ ಎಂದು ಶಾಲೆಗೆ ಸೇರಿಸುವಾಗ ಕಡಿಮೆ ಬರೆಸಿದ್ದು ಎಂಬುದು ಮನೆಯ ಅಧಿಕೃತ ಹೇಳಿಕೆ. ಆದರೆ ನನಗೆ ನೆನಪಿರುವುದು ಭಾವಗೀತೆ ಸ್ಪರ್ಧೆಯ ಮೇಜು. ಹತ್ತು ವರ್ಷದೊಳಗಿನವರ ವಿಭಾಗ. ಕಂಕುಳಲ್ಲಿ ಬಿಗಿಯುವ ಹಳೆಯ ಫ್ರಾಕು, ರಿಬ್ಬನ್ ಕಟ್ಟಿದ ಎರಡು ಜಡೆ. ಹೆಗಲ ಮೇಲೆ ಅಮ್ಮನ ಕೈ, ನಾನು ಚೂರು ಕುಗ್ಗಿ ನಿಲ್ಲಲಿ ಎಂದು ಮೆಲ್ಲಗೆ ಒತ್ತುತ್ತಿದ್ದ ಕೈ. "ಎಷ್ಟು ವರ್ಷ ಪುಟ್ಟಿ?" "ಒಂಬತ್ತು." ಹಾಡುವಾಗ ವೇದಿಕೆಯ ಪಕ್ಕದಲ್ಲಿ ಅಮ್ಮನ ತುಟಿ ನನಗಿಂತ ಒಂದು ಪದ ಮುಂದೆ ಓಡುತ್ತಿತ್ತು. ಎರಡನೆಯ ಬಹುಮಾನವಾಗಿ ಸ್ಟೀಲಿನ ಡಬ್ಬಿ ಬಂತು. ಮೊದಲನೆಯದು ನಿಜಕ್ಕೂ ಒಂಬತ್ತು ವರ್ಷದ ಹುಡುಗಿಗೆ ಹೋಯಿತು. ಅಮ್ಮ ಆ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅವಳಿಗೆ ಹನ್ನೊಂದಾದರೂ ಆಗಿದೆ" ಎಂದಿದ್ದರು.

ವಾಪಸು ರೈಲಿನಲ್ಲಿ ಅಮ್ಮ ಕಿಟಕಿ ನೋಡುತ್ತಾ ಕುಳಿತಿದ್ದರು. ನಾನು ಹಾಡುಗಳ ಬಗ್ಗೆ, ಬೆಳಕಿನ ಬಗ್ಗೆ ಒದರುತ್ತಿದ್ದೆ. ಸಿಕಾಕಸ್ ದಾಟಿದ ಮೇಲೆ ಅವರೇ ಮಾತೆತ್ತಿದರು.

"ನಿನ್ನದು ಒಂದೇ ವರ್ಷ."

"ಒಂದು ವರ್ಷ, ಎರಡು ತಿಂಗಳು."

"ಎಣಿಸಿ ಇಟ್ಟಿದ್ದೀಯಲ್ಲ," ಎಂದು ಪರ್ಸಿನಿಂದ ಏಲಕ್ಕಿ ತೆಗೆದು ಒಂದನ್ನು ನನ್ನ ಕೈಗೆ ಹಾಕಿದರು.

ಮರುದಿನ ಸಾಗರದಿಂದ ಚಿಕ್ಕಮ್ಮನ ಫೋನು. ಅಮ್ಮ ಅಡುಗೆಮನೆಯಲ್ಲಿ ಸ್ಪೀಕರ್ ಹಾಕಿ ಹುರುಳಿಕಾಯಿ ಹೆಚ್ಚುತ್ತಿದ್ದರು. ಕೇಳಬೇಕಾದ್ದನ್ನೇ ಚಿಕ್ಕಮ್ಮ ಕೇಳಿದರು: ಹೀರೋಯಿನ್ ಹೇಗೆ ಮಾಡಿದಳು?

"ಗಂಟಲು ಒಳ್ಳೆಯದು. ಅಬ್ಬರವೂ ಇದೆ," ಎಂದರು ಅಮ್ಮ. ಆಮೇಲೆ ಚಾಕು ಕೆಳಗಿಟ್ಟರು. "ಆದರೆ ಹಸುವಿನ ವೇಷದ ಒಳಗೆ ಒಬ್ಬಳು ಹುಡುಗಿ ಇದ್ದಳು ನೋಡು..." ಅಷ್ಟು ಹೇಳಿ ನನ್ನ ಕಡೆ ತಿರುಗಿದರು. "ಅವಳ ಹೆಸರೇನೇ?"

"ಜಾಯ್ ವುಡ್ಸ್," ಎಂದೆ. ಪ್ಲೇಬಿಲ್ ತೆಗೆದು ನೋಡಬೇಕಾಗಲಿಲ್ಲ.