ನೆಲ ಇಳಿಯುತ್ತಿದೆ ಸರಿ, ಎಷ್ಟು ಆಳದಲ್ಲಿ?

ನೆಲದ ಇಳಿತವನ್ನು ಜಿಪಿಎಸ್‌ನಲ್ಲಿ ಅಳೆದು, ವರ್ಷಕ್ಕೆ ಇಷ್ಟು ಮಿಲಿಮೀಟರ್ ಎಂಬ ಒಂದೇ ಅಂಕಿ ಹಿಡಿದು ‘ಅಂತರ್ಜಲ ಎತ್ತಿದ್ದೇ ಕಾರಣ’ ಎಂದು ಬರೆದುಬಿಡುವುದುಂಟು. ಆ ಅಂಕಿಯಿಂದ ಕಾರಣ ಗೊತ್ತಾಗುವುದಿಲ್ಲ. ಆಂಟೆನಾ ಹೊತ್ತ ಕಂಬದ ಬುಡ ಎಷ್ಟು ಆಳದಲ್ಲಿದೆ ಎಂದು ಮೊದಲು ಕೇಳಬೇಕು. ಜಿಪಿಎಸ್‌ಗೆ ಸಿಗುವುದು ಆ ಬುಡದ ಚಲನೆ. ಅದಕ್ಕಿಂತ ಮೇಲಿನ ಮಣ್ಣು ಎಷ್ಟು ಕುಗ್ಗಿದರೂ ಲೆಕ್ಕಕ್ಕೆ ಬರುವುದಿಲ್ಲ.

ಆದ್ದರಿಂದ ಒಂದೇ ಜಾಗದಲ್ಲಿ ಎರಡು ಆಂಟೆನಾ ಇಡುವುದು ಒಳ್ಳೆಯದು. ಒಂದರ ಬುಡ ಮಳೆ-ಬಿಸಿಲಿಗೆ ಉಬ್ಬಿ ಕುಗ್ಗುವ ಮೇಲ್ಮಣ್ಣಿನ ಸ್ವಲ್ಪ ಕೆಳಗೆ. ಇನ್ನೊಂದು, ನೀರೆತ್ತುವ ಪದರಗಳನ್ನೆಲ್ಲ ದಾಟಿ ನಿಂತ ಕೊಳವೆಯ ತಲೆಯ ಮೇಲೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಆಳದ ಎಕ್ಸ್‌ಟೆನ್ಸೋಮೀಟರ್ (ಪದರಗಳು ಎಷ್ಟು ಕುಗ್ಗಿದವೆಂದು ಅಳೆಯುವ ಸಾಧನ) ಕೊಳವೆಗಳನ್ನೇ ಹೀಗೆ ಬಳಸಿಕೊಂಡಿದ್ದಾರೆ. ಆಂಟೆನಾ ಹೊತ್ತ ಒಳಕೊಳವೆ ಅದರ ಸುತ್ತಲಿನ ಹೊರಕವಚಕ್ಕೆ ಉಜ್ಜಬಾರದು. ಉಜ್ಜಿದರೆ ಕುಗ್ಗುವ ಮಣ್ಣು ಕವಚದ ಜೊತೆಗೆ ಅದನ್ನೂ ಕೆಳಗೆಳೆಯುತ್ತದೆ. ಮೇಲಿನದು ವರ್ಷಕ್ಕೆ 20 ಮಿ.ಮೀ., ಆಳದ್ದು 3 ಮಿ.ಮೀ. ಇಳಿದರೆ, ನಡುವಿನ ಪದರಗಳ ಪಾಲು 17. ಉಳಿದ 3ಕ್ಕೆ ತೈಲ-ಅನಿಲ ತೆಗೆತವನ್ನೋ ಭೂಫಲಕದ ಚಲನೆಯನ್ನೋ ಹುಡುಕಬೇಕು.

ಆಮೇಲೆ ಬಾವಿಯ ನೀರಿನ ಮಟ್ಟವನ್ನು ಪಕ್ಕದಲ್ಲಿಟ್ಟು ನೋಡಿ. ನೀರು ಏರಿದಾಗ ನೆಲವೂ ಏರಿದರೆ ಅದು ಮರಳಿ ಬರುವ ಇಳಿತ. ನೀರು ಹಿಂದೆಂದೂ ಇಳಿಯದಷ್ಟು ಕೆಳಗಿಳಿದರೆ ಜೇಡಿಮಣ್ಣಿನ ಕಣಗಳು ಒತ್ತೊತ್ತಾಗಿ ಕೂತುಬಿಡುತ್ತವೆ. ಆ ಇಳಿತ ಮರಳುವುದಿಲ್ಲ. ದಪ್ಪ ಜೇಡಿಪದರದಿಂದ ನೀರು ನಿಧಾನವಾಗಿ ಬಸಿಯುವುದರಿಂದ, ಪಂಪ್ ನಿಲ್ಲಿಸಿದ ಎಷ್ಟೋ ವರ್ಷಗಳ ನಂತರವೂ ನೆಲ ಇಳಿಯುತ್ತಲೇ ಇರಬಹುದು. ‘ಪಂಪ್ ನಿಂತಿದೆ, ಹಾಗಾದರೆ ಕಾರಣ ಬೇರೆ’ ಎಂಬ ವಾದ ಬೀಳುವುದು ಇಲ್ಲೇ.

ಅಡ್ಡ ಚಲನೆಯನ್ನು ಬಹಳ ಮಂದಿ ಬಿಸಾಡುತ್ತಾರೆ. ಸುತ್ತಲಿನ ಕೇಂದ್ರಗಳ ಚಲನೆಯ ದಿಕ್ಕು ತೋರಿಸುವ ಬಾಣಗಳೆಲ್ಲ ಒಂದೇ ಜಾಗದ ಕಡೆಗೆ ಬಾಗಿದ್ದರೆ ತಗ್ಗಿನ ನಡು ಅಲ್ಲಿದೆ. ನೀರಿನ ಭಾರ ಕಡಿಮೆಯಾದರೆ ಅಕ್ಕಪಕ್ಕದ ಬಂಡೆ ಮೇಲೇಳುವುದೂ ಉಂಟು: ಕ್ಯಾಲಿಫೋರ್ನಿಯಾದ ಕಣಿವೆಯಲ್ಲಿ ನೆಲ ಇಳಿಯುತ್ತಿದ್ದರೆ ಪಕ್ಕದ ಸಿಯೆರಾ ನೆವಾಡಾ ಬೆಟ್ಟಗಳು ವರ್ಷಕ್ಕೆ 1ರಿಂದ 3 ಮಿ.ಮೀ. ಏರಿದ್ದು ಜಿಪಿಎಸ್‌ನಲ್ಲೇ ಕಂಡಿದೆ. ಬಂಡೆಯ ಮೇಲಿದೆ ಎಂದಮಾತ್ರಕ್ಕೆ ಆಧಾರ ಕೇಂದ್ರ (ಉಳಿದವನ್ನು ಹೋಲಿಸಲು ಸ್ಥಿರವೆಂದು ಹಿಡಿದದ್ದು) ಅಲುಗುವುದಿಲ್ಲ ಎಂದುಕೊಳ್ಳಬೇಡಿ.

ಎತ್ತರದ ಅಳತೆ ಅಡ್ಡ ಅಳತೆಗಿಂತ ಎರಡು-ಮೂರು ಪಟ್ಟು ಒರಟು. ನೆತ್ತಿಯ ಮೇಲಿನ ವಾತಾವರಣವೊಂದೇ ಸಿಗ್ನಲ್ಲನ್ನು ಸುಮಾರು 2.3 ಮೀಟರ್ ದೂರದಷ್ಟು ತಡಮಾಡುತ್ತದೆ. ಹಾಗಾಗಿ ಎರಡು ಆವರ್ತನದ ರಿಸೀವರ್ (ಇದು ಕಳೆಯುವುದು ಇನ್ನೂ ಮೇಲಿನ ಅಯಾನುಗೋಳದ ತಡವನ್ನು ಮಾತ್ರ), 30 ಸೆಕೆಂಡಿಗೊಂದು ದಾಖಲೆ, ಇಡೀ 24 ಗಂಟೆಗೊಂದು ಸ್ಥಾನ. ಋತುಮಾನದ ಏರಿಳಿತ ವೇಗದ ಲೆಕ್ಕವನ್ನು ಕೆಡಿಸದಿರಲು ಕನಿಷ್ಠ ಎರಡೂವರೆ ವರ್ಷದ ದಾಖಲೆ ಬೇಕು. ಆಂಟೆನಾ ಬದಲಿಸಿದ ದಿನ ಎತ್ತರ ಸೆಂಟಿಮೀಟರ್‌ಗಟ್ಟಲೆ ಜಿಗಿಯಬಹುದು. ದಿನಾಂಕ ಬರೆದಿಡದಿದ್ದರೆ ಅದೂ ಕುಸಿತವೆಂದೇ ಲೆಕ್ಕವಾಗುತ್ತದೆ.

ಬಾವಿಯನ್ನೂ ನೋಡಿ ಆರಿಸಿ. ಅದರ ಜಾಲರಿ ಪೈಪು ಮೇಲಿನ ಪದರಕ್ಕೆ ತೆರೆದಿದ್ದು, ಪಂಪುಗಳು ಆಳದ ಪದರದಿಂದ ಎತ್ತುತ್ತಿದ್ದರೆ, ನೀರಿನ ಮಟ್ಟದ ಗೆರೆಯೂ ನೆಲದ ಇಳಿತದ ಗೆರೆಯೂ ತಾಳೆಯಾಗುವುದಿಲ್ಲ.