ಇಂಗ್ಲಿಷ್ ಬರದಿದ್ದರೆ ಇಂಟರ್‌ವ್ಯೂ ಪಾಸಾಗೋದು ಹೇಗೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಡಿಪ್ಲೊಮಾ, ಬಿಕಾಂ ಮುಗಿಸಿ ಕೆಲಸ ಹುಡುಕುವ ಮಕ್ಕಳು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಕಾಲ್ ಸೆಂಟರಿನಂತೆ ಮಾತೇ ಬಂಡವಾಳವಾದ ಕೆಲಸಕ್ಕೆ ಇಂಗ್ಲಿಷ್ ಬೇಕೇ ಬೇಕು. ಉಳಿದ ಕಡೆ ಹೆಚ್ಚಿನವರು ಎಡವುವುದು ಎರಡನೇ ಪ್ರಶ್ನೆಯಲ್ಲಿ. ರೆಸ್ಯೂಮೆ ನೋಡಿ ಕೇಳಿದ ಮೊದಲ ಪ್ರಶ್ನೆಗೆ ಹೇಗೋ ಉತ್ತರ ಕೊಡುತ್ತಾರೆ. "ಹೌದಾ, ಅದು ಹೇಗಾಗುತ್ತೆ ಹೇಳಿ" ಅಂದ ಕೂಡಲೇ ಬಾಯಿ ಕಟ್ಟುತ್ತದೆ. ಕನ್ನಡದಲ್ಲಿ ಕೇಳಿದ್ದರೂ ಅಲ್ಲಿ ಉತ್ತರ ಇರುತ್ತಿರಲಿಲ್ಲ.

ಶಿವಮೊಗ್ಗದಲ್ಲಿ ಲೋಹದ ಎರಕ ಹೊಯ್ಯುವ ಯಾವುದೋ ಫೌಂಡ್ರಿಯಲ್ಲಿ ಇಂಟರ್ನ್‌ಶಿಪ್ ಮಾಡಿದ್ದೇನೆ ಎಂದು ಬರೆದಿದ್ದೀರಿ ಅಂತಿಟ್ಟುಕೊಳ್ಳಿ. ಎರಕದಲ್ಲಿ ಬ್ಲೋಹೋಲ್ (ಗಾಳಿಗುಳ್ಳೆ) ಯಾಕೆ ಬರುತ್ತದೆ ಎಂದು ಕೇಳಿಯೇ ಕೇಳುತ್ತಾರೆ. "ಗ್ಯಾಸಿನಿಂದ" ಅಂದರೆ ಸಾಲದು. ಅಚ್ಚಿನ ಮರಳಿನಲ್ಲಿ ತೇವ ಹೆಚ್ಚಿದ್ದರೆ ಕಾದ ಲೋಹ ಬಿದ್ದಾಗ ಅದು ಆವಿಯಾಗುತ್ತದೆ. ಮರಳನ್ನು ತೀರಾ ಗಟ್ಟಿ ಕುಟ್ಟಿದ್ದರೆ ಅಥವಾ ವೆಂಟ್ (ಗಾಳಿ ಹೋಗುವ ತೂತು) ಸಾಲದಿದ್ದರೆ ಆವಿಗೆ ದಾರಿಯಿಲ್ಲದೆ ಎರಕದೊಳಗೇ ಗುಳ್ಳೆಯಾಗಿ ಉಳಿಯುತ್ತದೆ. ಇಷ್ಟು ಹೇಳಿದರೆ, ತೇವ ಎಷ್ಟಿರಬೇಕು ಅನ್ನುತ್ತಾರೆ. ಗ್ರೀನ್ ಸ್ಯಾಂಡಿಗೆ, ಅಂದರೆ ಜೇಡಿ, ನೀರು ಬೆರೆಸಿದ ಅಚ್ಚಿನ ಮರಳಿಗೆ, ಸಾಮಾನ್ಯವಾಗಿ ಶೇ 3ರಿಂದ 5. ನೀವಿದ್ದ ಕಡೆ ಎಷ್ಟಿಟ್ಟಿದ್ದರು, ಯಾವಾಗ ಪರೀಕ್ಷಿಸುತ್ತಿದ್ದರು ಎಂದು ಸೇರಿಸಿದರೆ ನಿಜಕ್ಕೂ ಅಲ್ಲಿ ಕಣ್ಣುಬಿಟ್ಟು ನಿಂತಿದ್ದಿರಿ ಅನ್ನುವುದು ಗೊತ್ತಾಗುತ್ತದೆ. ಕೆಲವರು ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಕೈಗೆ ಕೊಟ್ಟು ಅಳೆಯಲು ಹೇಳುತ್ತಾರೆ. ಲೀಸ್ಟ್ ಕೌಂಟ್ (ಅದರಿಂದ ಅಳೆಯಬಹುದಾದ ಅತಿ ಚಿಕ್ಕ ಅಳತೆ) 0.02 ಮಿ.ಮೀ. ಎಂದು ಪಟಪಟ ಹೇಳಿದವರೂ ಝೀರೋ ಎರರ್ ನೋಡುವುದನ್ನು ಮರೆಯುತ್ತಾರೆ. ಮೊದಲು ಅದರ ಜಾ (ವಸ್ತು ಹಿಡಿಯುವ ದವಡೆ) ಮುಚ್ಚಿ, ಸೊನ್ನೆಗೆ ಸೊನ್ನೆ ಕೂಡುತ್ತದೆಯೇ ನೋಡಿ.

ಬಿಕಾಂನವರಿಗೂ ಹೀಗೆಯೇ. "ಜಿಎಸ್‌ಟಿ ಗೊತ್ತು" ಎಂದು ಬರೆದರೆ, ಶಿವಮೊಗ್ಗದ ಅಡಿಕೆ ವ್ಯಾಪಾರಿ ಗುಜರಾತಿಗೆ ಮಾಲು ಮಾರಿದರೆ ಯಾವ ತೆರಿಗೆ, ದಾವಣಗೆರೆಗೆ ಮಾರಿದರೆ ಯಾವುದು ಅನ್ನುವುದು ತಿಳಿದಿರಬೇಕು. ಮೊದಲನೆಯದು ಬೇರೆ ರಾಜ್ಯಕ್ಕಾದ್ದರಿಂದ ಐಜಿಎಸ್‌ಟಿ, ಎರಡನೆಯದು ರಾಜ್ಯದೊಳಗೇ ಆದ್ದರಿಂದ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ತಿಂಗಳ ರಿಟರ್ನಿನ ಕೊನೆಯ ದಿನವೂ ಗೊತ್ತಿರಲಿ: ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ಕ್ಕೆ, ತೆರಿಗೆಯ ಲೆಕ್ಕ ಕೊಡುವ ಜಿಎಸ್‌ಟಿಆರ್-3ಬಿ 20ಕ್ಕೆ.

ಹಾಗಾಗಿ ರೆಸ್ಯೂಮೆಯ ಒಂದೊಂದು ಸಾಲಿನ ಕೆಳಗೂ ಹೇಗೆ, ಯಾಕೆ, ಎಷ್ಟು ಎಂದು ಮೂರು ಪ್ರಶ್ನೆ ಬರೆದುಕೊಳ್ಳಿ. ಉತ್ತರವನ್ನು ಮೊದಲು ಕನ್ನಡದಲ್ಲೇ ಬರೆಯಿರಿ, ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಮಾಡಿ. ಉತ್ತರ ಹೊಳೆಯದ ಸಾಲನ್ನು ಹೊಡೆದುಹಾಕಿ. ಅರ್ಧ ಪುಟವೇ ಉಳಿದರೂ ಚಿಂತೆಯಿಲ್ಲ.

"ನಿಮ್ಮ ಬಗ್ಗೆ ಹೇಳಿ" ಅಂದಾಗ ಅಪ್ಪ, ಅಮ್ಮ, ಹವ್ಯಾಸ ಎಂದು ಶುರು ಮಾಡಬೇಡಿ. ಓದಿದ್ದು, ಕೈಯಾರೆ ಮಾಡಿದ ಒಂದು ಕೆಲಸ, ಈ ಹುದ್ದೆ ಯಾಕೆ ಬೇಕು: ಒಂದೂವರೆ ನಿಮಿಷದೊಳಗೆ ಮುಗಿಸಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಎಲ್ಲಿ ತಡವರಿಸುತ್ತೀರಿ ಎಂದು ನಿಮಗೇ ತಿಳಿಯುತ್ತದೆ. ನಡುವೆ ಇಂಗ್ಲಿಷ್ ನಿಂತುಹೋದರೆ, ಕನ್ನಡದಲ್ಲಿ ಹೇಳಲೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ಆನ್‌ಲೈನ್ ಇಂಟರ್‌ವ್ಯೂ ಇದ್ದರೆ ಮನೆಯನ್ನು ನಂಬಬೇಡಿ. ಮರ ಬಿದ್ದು ಮೆಸ್ಕಾಂನ ಕರೆಂಟ್ ಲೈನ್ ಹೋದರೆ ವೈಫೈ ಹೋಗುತ್ತದೆ. ಟವರಿನ ಬ್ಯಾಟರಿ ಮುಗಿದರೆ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ತಗಡಿನ ಮಾಡಿನ ಮೇಲೆ ಮಳೆ ಹೊಯ್ದರೆ ನಿಮ್ಮ ಮಾತು ಅವರಿಗೆ ಕೇಳುವುದೇ ಇಲ್ಲ. ಹಿಂದಿನ ದಿನವೇ ಪೇಟೆಯಲ್ಲಿರುವ ನೆಂಟರ ಮನೆಗೋ ಗೆಳೆಯರ ರೂಮಿಗೋ ಹೋಗಿಬಿಡಿ. ಬೇರೆ ಕಂಪನಿಯ ಇನ್ನೊಂದು ಸಿಮ್, ಒಂದು ಗಂಟೆಗೆ 1 ಜಿಬಿಗಿಂತ ಹೆಚ್ಚು ಡೇಟಾ, ವೈರ್ ಇರುವ ಇಯರ್‌ಫೋನ್ ಇರಲಿ. ಕಿಟಕಿ ಎದುರಿಗಿರಲಿ; ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ.

ಬೆಂಗಳೂರಿನಲ್ಲಿ ಇಂಟರ್‌ವ್ಯೂ ಇದ್ದರೂ ಹಿಂದಿನ ದಿನ ಹಗಲಲ್ಲೇ ಹೊರಡಿ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು, ಮೆಜೆಸ್ಟಿಕ್‌ನಲ್ಲಿ ಇಳಿದು, ಅಲ್ಲಿಂದ ವೈಟ್‌ಫೀಲ್ಡ್ ತಲುಪುವಷ್ಟರಲ್ಲಿ ಕಲಿತದ್ದೂ ಮರೆತಿರುತ್ತದೆ.

ಕೊನೆಗೆ ಸಂಬಳ. ವರ್ಷಕ್ಕೆ 3 ಲಕ್ಷ ಸಿಟಿಸಿ (ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು) ಅಂದರೆ ತಿಂಗಳಿಗೆ 25,000 ಕೈಗೆ ಬರುತ್ತದೆ ಎಂದಲ್ಲ. ಮೂಲ ವೇತನ 15,000 ಇದ್ದರೆ ಶೇ 12ರಂತೆ ನಿಮ್ಮ ಪಿಎಫ್ 1,800 ಕಡಿತವಾಗುತ್ತದೆ. ಕಂಪನಿ ಕಟ್ಟುವ 1,800 ಕೂಡ ಸಾಮಾನ್ಯವಾಗಿ ಆ ಸಿಟಿಸಿಯೊಳಗೇ ಇರುತ್ತದೆ. ಒಪ್ಪುವ ಮೊದಲು ಕೈಗೆ ಎಷ್ಟು ಸಿಗುತ್ತದೆ, ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರು) ಇದೆಯೇ ಎಂದು ನೇರವಾಗಿ ಕೇಳಿ. ಕೆಲಸ ಕೊಡಲು ಡೆಪಾಸಿಟ್ ಕೇಳಿದರೆ ಎದ್ದು ಬನ್ನಿ.