ಒಂದು ಮಾಪ್ ಕಡಿಮೆ ಇದೆ ಸರ್

ಮಂಗಳವಾರ ರಾತ್ರಿ ನಮ್ಮ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರ್‌ನಲ್ಲಿ, ಕೇಳಿದ ಎರಡು ಮಾತುಗಳು ಈ ವಾರವಿಡೀ ನನ್ನ ಕಿವಿಯಲ್ಲಿವೆ. ಮೊದಲನೆಯದು, "ಸರ್, ಒಂದು ಮಾಪ್ ಕಡಿಮೆ ಇದೆ." ಮಾಪ್ ಎಂದರೆ ಶಸ್ತ್ರಚಿಕಿತ್ಸೆಯ ವೇಳೆ ರಕ್ತ ಹೀರಲು ಬಳಸುವ ಬಟ್ಟೆಯ ತುಂಡು. ಹೇಳಿದವಳು ಕೆಲಸಕ್ಕೆ ಸೇರಿ ಎರಡು ತಿಂಗಳೂ ತುಂಬದ ಹುಡುಗಿ. ಕೇಳಿಸಿಕೊಂಡವರು, ನಮ್ಮ ಜಿಲ್ಲೆಯಲ್ಲಿ ಕೈಗುಣಕ್ಕೆ ಹೆಸರಾದ ಹಿರಿಯ ಸರ್ಜನ್.

ಕರುಳು ತೂತಾಗಿ ಹೊಟ್ಟೆಯೆಲ್ಲ ಕೀವು ತುಂಬಿದ್ದ ತುರ್ತು ಕೇಸ್. ಒಳಗೆಲ್ಲ ತೊಳೆದು, ಕರುಳಿಗೆ ಹೊಲಿಗೆ ಹಾಕಿ ಮುಗಿಸುವಷ್ಟರಲ್ಲಿ ಮಧ್ಯರಾತ್ರಿ ದಾಟಿತ್ತು. ಹೊಟ್ಟೆ ಮುಚ್ಚುವ ಮೊದಲು ಮಾಪ್, ಗಾಜ್ ಬಟ್ಟೆ, ಸೂಜಿ, ಉಪಕರಣ ಎಲ್ಲವನ್ನೂ ಸರ್ಜನ್ ಕೈಗೆ ಉಪಕರಣ ಕೊಡುವ ಸ್ಕ್ರಬ್ ನರ್ಸ್ ಮತ್ತು ಬೇಕಾದ್ದನ್ನು ಹೊರಗಿನಿಂದ ಒದಗಿಸುವ ಫ್ಲೋರ್ ನರ್ಸ್ ಸೇರಿ ಎಣಿಸಬೇಕು. ಅವಳು ಸ್ಕ್ರಬ್, ನಾನು ಫ್ಲೋರ್. ಎರಡು ಸಲ ಎಣಿಸಿದೆವು. ಕೊಟ್ಟದ್ದು 15, ಇದ್ದದ್ದು 14. ಬಳಸಿದ ಮಾಪ್ ಹಾಕುವ ಬಕೆಟ್‌ನತ್ತ ನಾನು ಬಗ್ಗುವಷ್ಟರಲ್ಲಿ ಅವಳೇ ಹೇಳಿಬಿಟ್ಟಳು. ಸರ್ ಆಗಲೇ ಹೊಲಿಯಲು ಸೂಜಿ ಹಿಡಿದಿದ್ದರು.

"ಒಳಗೆ ಏನೂ ಉಳಿದಿಲ್ಲ ಎಂದು ನನಗೆ ಅನ್ನಿಸುತ್ತಿದೆ. ಆದರೆ ನನಗೆ ಅನ್ನಿಸಿದ್ದನ್ನು ಬಿಡಿ, ನಿಮ್ಮ ಲೆಕ್ಕ ಕೂಡಬೇಕು. ನಿಲ್ಲಿಸೋಣ" ಎಂದು ಸೂಜಿಯನ್ನು ಟ್ರಾಲಿಯ ಮೇಲಿಟ್ಟರು. ಮತ್ತೆ ಕೈ ಹಾಕಿ ಯಕೃತ್ತಿನ ಕೆಳಗೆ, ಗುಲ್ಮದ ಪಕ್ಕ, ಕಿಬ್ಬೊಟ್ಟೆಯ ತಳ ಎಲ್ಲ ತಡಕಿದರು. ಏನೂ ಸಿಗಲಿಲ್ಲ. ಮಾಪ್‌ನಲ್ಲಿ ಎಕ್ಸ್‌ರೇಗೆ ಕಾಣುವ ಎಳೆಯೊಂದಿರುತ್ತದೆ, ಹಾಗಾಗಿ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರ ತರಿಸಲು ಹೇಳಿದರು. ಅರಿವಳಿಕೆಯ ಮೇಡಂ ತುಟಿಪಿಟಿಕ್ ಎನ್ನದೆ ರೋಗಿಯ ಬಿಪಿ ನೋಡಿಕೊಳ್ಳುತ್ತಿದ್ದರು. ಅಂಥವರು ಓಟಿಗೊಬ್ಬರಿದ್ದರೆ ಸಾಕು. ಸಹಾಯಕ ವೈದ್ಯರು ಮಾತ್ರ ಗಡಿಯಾರ ನೋಡಿ ಮಾಸ್ಕ್‌ನೊಳಗೇ ನಿಟ್ಟುಸಿರು ಬಿಟ್ಟರು. ಬುದ್ಧಿವಂತ ಹುಡುಗ, ಸಹನೆ ಕಲಿಯುವುದಕ್ಕೆ ಇನ್ನೂ ಕಾಲವಿದೆ.

ಯಂತ್ರ ಬರುವ ಮೊದಲೇ ಮಾಪ್ ಸಿಕ್ಕಿತು. ರೋಗಿಗೆ ಹೊದಿಸಿದ್ದ ಡ್ರೇಪ್‌ನ ಮಡಿಕೆಯಲ್ಲಿ, ಕಾಲಿನ ಕಡೆ, ರಕ್ತದಲ್ಲಿ ನೆಂದು ಮುದುಡಿಕೊಂಡಿತ್ತು. ಎಲ್ಲರ ಕಣ್ಣು ಆ ಹುಡುಗಿಯ ಕಡೆ ತಿರುಗಿತು. ಹೊಟ್ಟೆಯೊಳಗೆ ಇರಲೇ ಇಲ್ಲ. ಸರ್ ಹೇಳಿದ್ದೇ ಸರಿಯಾಗಿತ್ತು. ಸುಮಾರು ಕಾಲು ಗಂಟೆ ಕಳೆದಿತ್ತು.

ಇಂಥ ಹೊತ್ತಿನಲ್ಲಿ ಯಾವ ಮಾತು ಬರುತ್ತದೆ ಎಂಬುದು ಓಟಿಯಲ್ಲಿ ಕೂದಲು ಹಣ್ಣಾಗಿಸಿಕೊಂಡ ನಮಗೆಲ್ಲ ಬಾಯಿಪಾಠ. "ನಾನು ಮೊದಲೇ ಹೇಳಲಿಲ್ಲವೇ?" ಎನ್ನುತ್ತಾರೆ. ಇಲ್ಲವೇ ಏನೂ ಹೇಳದೆ ಕೈಚಾಚಿ ಸೂಜಿ ಕಿತ್ತುಕೊಳ್ಳುತ್ತಾರೆ, ಅದು ಇನ್ನೂ ಕಠೋರ. ಸರ್ ಹೇಳಿದ್ದು ಇಷ್ಟು: "ಸಿಕ್ಕಿತಲ್ಲ, ಒಳ್ಳೆಯದಾಯಿತು. ಸಿಸ್ಟರ್, ಇನ್ನೊಮ್ಮೆ ಪೂರ್ತಿ ಎಣಿಸಿ, ಜೋರಾಗಿ." ಅವಳು 15 ಎನ್ನುವವರೆಗೆ ಕೈಕಟ್ಟಿ ಕಾದರು. ಆಮೇಲೆ, "ನಾಳೆಯೂ ಲೆಕ್ಕ ಕೂಡದಿದ್ದರೆ ಹೀಗೇ ನನ್ನನ್ನು ನಿಲ್ಲಿಸಬೇಕು" ಎಂದರು.

ನನ್ನನ್ನು ಬಿಡದೆ ಕಾಡುತ್ತಿರುವ ಎರಡನೆಯ ಮಾತು ಇದು. ಮಾಪ್ ಹೊಟ್ಟೆಯೊಳಗೇ ಸಿಕ್ಕಿದ್ದರೆ ಅವಳನ್ನು ಎಲ್ಲರೂ ಹೊಗಳುತ್ತಿದ್ದರು. ಆ ಹೊಗಳಿಕೆಗೆ ಯಾರ ದೊಡ್ಡತನವೂ ಬೇಕಿಲ್ಲ, ಕಣ್ಣೆದುರು ಪುರಾವೆ ಇರುತ್ತದೆ. ಕಿರಿಯಳ ಅನುಮಾನ ಸುಳ್ಳಾಗಿ, ಹಿರಿಯನ ಮಾತೇ ನಿಜವಾದಾಗ ಆ ಹಿರಿಯ ಏನು ಹೇಳುತ್ತಾನೆ ಎನ್ನುವುದರ ಮೇಲೆ ಮುಂದಿನ ಸಲ ಯಾರಾದರೂ ಬಾಯಿ ತೆರೆಯುತ್ತಾರೋ ಇಲ್ಲವೋ ಎಂಬುದು ನಿಂತಿದೆ. ನೂರರಲ್ಲಿ ತೊಂಬತ್ತು ಅನುಮಾನ ಸುಳ್ಳೇ ಆಗಲಿ, ಉಳಿದ ಹತ್ತೂ ಅದೇ ಹುಡುಗಿಯ ಬಾಯಿಂದಲೇ ಬರಬೇಕು.

ಅಂದು ಕತ್ತಿ ಹಿಡಿಯುವ ಮೊದಲು ಸರ್ ಇನ್ನೊಂದು ಮಾತು ಹೇಳಿದ್ದರು. "ಇದು ಇವತ್ತು ನನ್ನ ನಾಲ್ಕನೇ ಕೇಸ್, ಕಣ್ಣು ದಣಿದಿದೆ. ಯಾರಿಗೆ ಏನು ಅನುಮಾನ ಬಂದರೂ ಹೇಳಿ." ತನ್ನ ಶಕ್ತಿ ಯಾವ ಹೊತ್ತಿನಲ್ಲಿ ಕುಂದುತ್ತದೆ ಎಂದು ಗೊತ್ತಿರುವವರು ಮಾತ್ರ ಹೀಗೆ ಹೇಳಬಲ್ಲರು. ವಿನಯವೆಂದರೆ ಮೆತ್ತಗೆ ಮಾತನಾಡುವುದು ಎಂದುಕೊಂಡವರು ಬಹಳ. ಸರ್ ಮೆತ್ತಗಿನವರಲ್ಲ. ಸ್ಟೆರಿಲೈಸೇಶನ್ ಸರಿಯಿಲ್ಲದಿದ್ದರೆ ಕಾರಿಡಾರ್‌ಗೆ ಕೇಳುವಂತೆ ಗದರುತ್ತಾರೆ. ಆದರೂ ಅವರ ಟೇಬಲ್‌ನಲ್ಲಿ ನಿಲ್ಲಲು ನರ್ಸ್‌ಗಳು ಹಿಂಜರಿಯುವುದಿಲ್ಲ. ಹಿಂದೆ ನಾನು ಕೆಲಸ ಮಾಡಿದ ಕಡೆ ಇವರಷ್ಟೇ ಪಳಗಿದ ಕೈಯ ಇನ್ನೊಬ್ಬರಿದ್ದರು. ಅವರ ಓಟಿಯಲ್ಲಿ ಉಪಕರಣದ ಹೆಸರು ಬಿಟ್ಟರೆ ಬೇರೆ ಮಾತು ಹುಟ್ಟುತ್ತಿರಲಿಲ್ಲ. ಆ ಮೌನವನ್ನು ಅವರು ಶಿಸ್ತು ಎಂದು ನಂಬಿದ್ದರು.

ತರಬೇತಿಯಲ್ಲಿ ನಮಗೆ ವಿಮಾನ ಅಪಘಾತವೊಂದರ ಪಾಠ ಹೇಳಿದ್ದರು. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ, ಮಂಜಿನ ನಡುವೆ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇಯಲ್ಲೇ ಡಿಕ್ಕಿ ಹೊಡೆದು 583 ಜನ ಸತ್ತರು. ಅನುಮತಿ ಸಿಗುವ ಮೊದಲೇ ಹೊರಟ ಡಚ್ ವಿಮಾನದ ಕ್ಯಾಪ್ಟನ್ ಇತರ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಹಿರಿಯ. ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದ. ಬಿಟ್ಟಿದೆ ಎಂದು ಕ್ಯಾಪ್ಟನ್ ಖಚಿತವಾಗಿ ಹೇಳಿದ. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಈ ಪಾಠ ಕೇಳಿದಾಗೆಲ್ಲ ನನ್ನ ಮನಸ್ಸು ಆ ಎಂಜಿನಿಯರ್ ಬಳಿಯೇ ನಿಲ್ಲುತ್ತದೆ. ಅವನಿಗೆ ಅನುಮಾನವಿತ್ತು, ಕೇಳುವ ಧೈರ್ಯವೂ ಒಂದು ಸಲದ ಮಟ್ಟಿಗೆ ಇತ್ತು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಪಟ್ಟಿಯೊಂದನ್ನು ತಂದಿತು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ. 1.5ರಿಂದ ಶೇ. 0.8ಕ್ಕೆ ಇಳಿದಿತ್ತು. ಮಾಪ್ ಎಣಿಕೆ ಆ ಪಟ್ಟಿಯಲ್ಲಿದೆ. ಚರ್ಮಕ್ಕೆ ಕತ್ತಿ ತಾಗುವ ಮೊದಲು ಟೇಬಲ್ ಸುತ್ತ ಇರುವವರೆಲ್ಲ ತಮ್ಮ ಹೆಸರು, ಕೆಲಸ ಹೇಳಬೇಕು ಎನ್ನುವುದೂ ಇದೆ. ಬಹಳ ಕಡೆ ಇದನ್ನು ಕಾಟಾಚಾರ ಎಂದು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಪಟ್ಟಿಯ ಜೀವ ಅದೇ. ಶುರುವಿನಲ್ಲೇ ಒಮ್ಮೆ ಎಲ್ಲರೆದುರು ತನ್ನ ಹೆಸರು ಹೇಳಿ ದನಿ ಹೊರಬಂದವಳಿಗೆ, ಮಧ್ಯರಾತ್ರಿ ಹಿರಿಯ ಸರ್ಜನ್‌ನ ಕೈ ತಡೆಯುವುದು ಸ್ವಲ್ಪವಾದರೂ ಸುಲಭವಾಗುತ್ತದೆ. ಮಂಗಳವಾರ ನಾವು ಆರೂ ಜನ ಹೆಸರು ಹೇಳಿಕೊಂಡಿದ್ದೆವು. ಸರ್ ತಮ್ಮ ಹೆಸರಿನಿಂದಲೇ ಶುರು ಮಾಡಿದ್ದರು.

ನಮ್ಮಲ್ಲಿಯೂ ಎಲ್ಲ ಟೇಬಲ್‌ಗಳಲ್ಲಿ ಹೀಗೆ ನಡೆಯುವುದಿಲ್ಲ. ರೋಗಿಯನ್ನು ಒಳಗೆ ತರುವ ಮೊದಲೇ ಪಟ್ಟಿಯ ಎಲ್ಲ ಮನೆಗಳಿಗೂ ಟಿಕ್ ಬಿದ್ದಿರುವುದನ್ನು ಕಂಡಿದ್ದೇನೆ. ಸೋಮವಾರದ ಓಟಿ ಸಭೆಗೆ ನಾನು ಒಂದೇ ಬೇಡಿಕೆ ಬರೆದುಕೊಂಡಿದ್ದೇನೆ: ಹೆಸರು ಹೇಳುವುದನ್ನು ಪ್ರತಿ ಟೇಬಲ್‌ನಲ್ಲಿಯೂ ಸರ್ಜನ್‌ರೇ ಶುರು ಮಾಡಬೇಕು, ಅದು ಮುಗಿಯುವವರೆಗೆ ಯಾವ ನರ್ಸ್ ಕೂಡ ಅವರ ಕೈಗೆ ಕತ್ತಿ ಕೊಡಬಾರದು.